ಪಕ್ಕದ ಸೀಟಿನ ಕೆಳಗಿನ ವೈರು

ಗುಬ್ಬಿಯ ಎಲೆಕ್ಟ್ರಿಷಿಯನ್ ಬಾಷಾ ಸಾಬರು ಕಾರಿನಲ್ಲಿ ನನ್ನ ಪಕ್ಕ ಕೂತ ಕೂಡಲೇ ಫ್ಯೂಸ್ ಮತ್ತೆ ಹೋಯಿತು. ಎಂಬತ್ತೆರಡರ ಮಾತಿದು. ನಮ್ಮೂರು ತುಮಕೂರಿನಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ನೋಡಿದರೂ ದೋಷ ಸಿಕ್ಕಿರಲಿಲ್ಲ. ಸಾಬರು ಇಳಿದು ಸೀಟು ಎತ್ತಿದರು. ಸವೆದ ವೈರೊಂದು ಸೀಟಿನ ಸ್ಪ್ರಿಂಗಿಗೆ ತಾಗುತ್ತಿತ್ತು.

“ಭಾರ ಬಿದ್ರೆ ಮಾತ್ರ ಶಾರ್ಟ್ ಆಗ್ತದೆ. ನಿಮ್ಮ ಪಕ್ಕ ಯಾರೂ ಕೂರಲ್ವಾ ಸಾರ್?”

“ಹೆಂಡ್ತಿ ಕೂರ್ತಿದ್ಲು. ತೀರ್ಕೊಂಡು ಎರಡು ವರ್ಷ ಆಯ್ತು,” ಅಂದೆ. ಅವಳು ಹೋದ ಮೇಲೆ ಅಪರೂಪಕ್ಕೆ ಯಾರಾದರೂ ಪಕ್ಕದಲ್ಲಿ ಕೂತಾಗಷ್ಟೇ ಫ್ಯೂಸ್ ಹೋಗಿದ್ದು ಆಗ ಹೊಳೆಯಿತು.

ಅವರು ವೈರಿಗೆ ಟೇಪ್ ಸುತ್ತಿ ಹೊಸ ಫ್ಯೂಸ್ ಹಾಕಿದರು. ಅಂಗಡಿಗೆ ಬೀಗ ಹಾಕಿ ಬಂದು, “ನಡೀರಿ, ಟೆಸ್ಟ್ ಮಾಡೋಣ,” ಎಂದು ಪಕ್ಕ ಕೂತರು. ತುಮಕೂರಿನವರೆಗೂ ಮಾತಾಡುತ್ತಾ ಬಂದು, ಬಸ್ಸಿನಲ್ಲಿ ವಾಪಸಾದರು.

ಮರುವಾರ ಕುಣಿಗಲ್‌ಗೆ ಹೊರಟವನು ಬಸ್ ಕಾಯುತ್ತಿದ್ದ ಮುದುಕರೊಬ್ಬರ ಮುಂದೆ ಕಾರು ನಿಲ್ಲಿಸಿ, “ಬರ್ತೀರಾ?” ಎಂದು ನಾನಾಗಿಯೇ ಕೇಳಿದೆ.