ಒಂದೇ ಎತ್ತರದ ಪುಸ್ತಕಗಳು

ನಮ್ಮ ಮನೆಯ ಪುಸ್ತಕಗಳೆಲ್ಲ ಈಗ ಒಂದೇ ಎತ್ತರ ಇವೆ. ಮೂವತ್ತೊಂದು ಪುಸ್ತಕ. ಒಂದೇ ಬಣ್ಣದ ಕ್ಯಾಲಿಕೊ ಬಟ್ಟೆ, ಒಂದೇ ದಪ್ಪದ ರಟ್ಟು, ಬೆನ್ನ ಮೇಲೆ ಬಂಗಾರದ ಬಣ್ಣದ ಅಕ್ಷರ. ಗಾಜಿನ ಬಾಗಿಲಿನ ಬೀರುವಿನಲ್ಲಿ ಗೆರೆ ಎಳೆದಂತೆ ನಿಂತಿವೆ.

ಪಕ್ಕದ ಮನೆಯ ಬಸಪ್ಪನವರು (ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವರು) ನೋಡಿ, "ವಕೀಲರ ಮನೆ ಇದ್ದಂಗೈತಲ್ರಿ!" ಎಂದರು. ನನಗೂ ಹಾಗೇ ಅನ್ನಿಸಿತು. ಹದಿನೈದು ದಿನ ಅನ್ನಿಸಿತು.

ಓದುಗರಿಗೆ ಗೊತ್ತಿದೆ, ಹೋದ ವರ್ಷ ನನ್ನ ಹೆಂಡತಿ ನೀಲಮ್ಮ ತೀರಿಕೊಂಡಳು. ಆಗ ಮೂರು ವಾರ ಈ ಅಂಕಣ ಬರಲಿಲ್ಲ. ಕೆಲವರು ಕಾರ್ಡು ಬರೆದಿದ್ದಿರಿ. ಉತ್ತರ ಬರೆಯಲು ಕೂತೆ, ಆಗಲಿಲ್ಲ. ಕ್ಷಮೆ ಇರಲಿ.

ಪುಸ್ತಕಗಳೆಲ್ಲ ಅವಳವು. ನಾನು ಮಿಲ್ಲಿನ ಆಫೀಸಿನ ಗುಮಾಸ್ತ. ಹಗಲೆಲ್ಲ ಕಾಗದ ನೋಡಿದವನಿಗೆ ಸಂಜೆಯೂ ಕಾಗದ ಯಾಕೆ? ಅವಳು ತವರೂರು ಬಾತಿಯ ಶಾಲೆಯಲ್ಲಿ ಕಲಿತದ್ದು ಸ್ವಲ್ಪ, ಓದಿದ್ದು ಬಹಳ. ಅವಳ ಪುಸ್ತಕಗಳಿಗೆ ಒಂದು ಜಾಗ ಅಂತ ಇರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ನಾಲ್ಕು, ಅಕ್ಕಿ ಡಬ್ಬದ ಮೇಲೆ ಆರು, ಉಪ್ಪಿನಕಾಯಿ ಜಾಡಿಯ ಹಿಂದೆ ಎರಡು, ಉಳಿದವು ಕಂಡಕಂಡಲ್ಲಿ.

"ಒಂದು ಬೀರು ಮಾಡಿಸ್ರಿ, ಇಲಿ ತಿಂತಾವೆ," ಅನ್ನುತ್ತಿದ್ದಳು.

"ಮಾಡಿಸೋಣ," ಅನ್ನುತ್ತಿದ್ದೆ. (ಗಂಡಸರ "ಮಾಡಿಸೋಣ"ಕ್ಕೆ ಎಷ್ಟು ಆಯಸ್ಸು ಎಂದು ನೀವೂ ಬಲ್ಲಿರಿ.)

ಅವಳು ತೀರಿ ವರ್ಷವಾಗುತ್ತಿತ್ತು, ಗಣಾರಾಧನೆ ಹತ್ತಿರ ಬಂತು. ನೆಂಟರು ಬರುತ್ತಾರೆ. ಅಷ್ಟರೊಳಗೆ ಬೀರು ಆಗಲೇಬೇಕು, ಅದರ ಮೇಲೆ ಅವಳ ಫೋಟೋ ಇಡಬೇಕು ಎಂದು ಹಟ ಹಿಡಿದೆ. ಪುಸ್ತಕಗಳನ್ನು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದೆ. ಒಂದು ಉದ್ದ, ಒಂದು ಗಿಡ್ಡ. ಒಂದಕ್ಕೆ ಅರಿಶಿನದ ಕಲೆ, ಇನ್ನೊಂದಕ್ಕೆ ರಟ್ಟೇ ಇಲ್ಲ. ಗಾಜಿನ ಹಿಂದೆ ಇವನ್ನು ಇಟ್ಟರೆ ಚೆನ್ನಾಗಿ ಕಾಣುತ್ತದೆಯೆ?

ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬೈಂಡರ್ ಹುಸೇನ್ ಸಾಬರ ಅಂಗಡಿಗೆ ಒಯ್ದೆ. ನಮ್ಮ ಆಫೀಸಿನ ರಿಜಿಸ್ಟರುಗಳನ್ನು ಬೈಂಡ್ ಮಾಡುವವರೂ ಅವರೇ. ಒಂದೆರಡು ಪುಸ್ತಕ ತಿರುವಿ ಹೇಳಿದರು:

"ಸಾಲು ಸಮ ಬರಬೇಕಂದ್ರೆ ಮೂರೂ ಕಡೆ ಅಂಚು ಕೊಯ್ಬೇಕು ಸಾಹೇಬ್ರೆ. ಪಕ್ಕದಾಗೆ ಪೆನ್ಸಿಲ್‌ನಾಗೆ ಏನೋ ಬರದೈತೆ. ಅದು ಹೋಗ್ತೈತೆ, ನೋಡ್ರಿ."

ನಾನು ಚಾಳೀಸು ಕೂಡ ಕಣ್ಣಿಗೆ ಏರಿಸಲಿಲ್ಲ.

"ಏನೋ ಗೀಚಿರಬೇಕು. ಹೋಗ್ಲಿ ಬಿಡ್ರಿ. ನೋಡಾಕೆ ಚೆಂದ ಇರಬೇಕು, ಅಷ್ಟೇ."

ಈ ಮಾತು ಬಂದದ್ದು ನನ್ನ ಬಾಯಿಂದ. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಕೆಲಸ ಫಸ್ಟ್ ಕ್ಲಾಸ್ ಆಯಿತು. ಪುಸ್ತಕದ ಎತ್ತರ ನೋಡಿಕೊಂಡು ಬಡಗಿ ಬೀರುವಿನ ಹಲಗೆಗಳ ಅಂತರ ಇಟ್ಟ. ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆರಾಧನೆಯ ದಿನ ಹರಿಹರದಿಂದ ಮೊದಲ ಬಸ್ಸಿಗೆ ನೀಲಮ್ಮನ ತಂಗಿ ಗೌರಮ್ಮ ಬಂದಳು. ಬಂದವಳೇ ಬೀರು ನೋಡಿ ನಿಂತಳು. ಹೊಗಳುತ್ತಾಳೆ ಎಂದು ನಾನು ಕಾದೆ.

"ಅಕ್ಕನ ಪುಸ್ತಕ ಎಲ್ಲಿ ಭಾವ?"

"ಇವೇ."

"ಇವಾ?" ಎಂದಳು. ಆಮೇಲೆ ಕೈಚೀಲದಿಂದ ನ್ಯೂಸ್ ಪೇಪರ್ ಸುತ್ತಿದ ಒಂದು ಪುಸ್ತಕ ತೆಗೆದಳು. "ಇದೂ ಅಕ್ಕಂದು. ಓದಾಕೆ ಒಯ್ದಿದ್ದೆ. ಕೊಡಾದ್ರೊಳಗೆ ಹಿಂಗಾತು."

ಮೂಲೆ ಸವೆದ, ಬೆನ್ನು ಬಿಟ್ಟ ಪುಸ್ತಕ. ತೆರೆದೆ. ಪುಟದ ಬದಿಯಲ್ಲಿ ಸಣ್ಣ ಪೆನ್ಸಿಲ್ ಅಕ್ಷರ.

"ಇಲ್ಲಿಗೆ ನಿಲ್ಲಿಸಿದೆ. ಹಾಲು ಉಕ್ಕಿತು."

ಎರಡು ಪುಟದ ಆಚೆ: "ಇಲ್ಲಿಗೆ ನಿಲ್ಲಿಸಿದೆ. ಮಿಲ್ಲಿನ ಸೀಟಿ ಆಯಿತು, ಇವರು ಬರುವ ಹೊತ್ತು."

"ಇದೇನು?" ಎಂದೆ.

"ನಿಮ್ಗೆ ಗೊತ್ತಿಲ್ಲಾ? ಪುಟ ಮಡಚಬಾರ್ದು ಅಂತ ಅಕ್ಕ ಹಿಂಗೆ ಬರೆಯಾಕಿ. ಎಲ್ಲಿಗೆ ಬಿಟ್ಟೆ, ಯಾಕ ಬಿಟ್ಟೆ, ಎರಡೂ. ನಾವು ಓದೋದು ಕತಿಗಲ್ಲ ಭಾವ, ಇದಕ್ಕೇ."

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಇದ್ದವನಿಗೆ ಗೊತ್ತಿರಲಿಲ್ಲ. ಹರಿಹರದಲ್ಲಿ ಇದ್ದವಳಿಗೆ ಗೊತ್ತಿತ್ತು.

ಗೌರಮ್ಮ ಒಂದೊಂದೇ ಓದತೊಡಗಿದಳು. "ಕರೆಂಟು ಹೋಯಿತು." "ಬಾತಿಯಿಂದ ಚಿಕ್ಕಪ್ಪ ಬಂದರು, ಮೂರು ದಿನ ಓದಿಲ್ಲ." "ಇವರು ಕರೆದರು. ಚಾಳೀಸು ಎಲ್ಲಿ ಅಂತ. ಹಣೆಯ ಮೇಲೇ ಇತ್ತು." "ಇವರು ಕರೆದರು, ನೀರು." "ಇವರು ಕರೆದರು, ಸುಮ್ಮನೆ."

"ಅಯ್ಯ ಭಾವ, ಎಷ್ಟ್ ಸಲ ಕರೆದೀರಪ್ಪಾ!" ಎಂದು ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ನೆಂಟರ ಊಟ ಮುಗಿಯುವವರೆಗೆ ತಡೆದುಕೊಂಡೆ. ಎಲ್ಲರೂ ಹೋದ ಮೇಲೆ ಬೀರುವಿನಿಂದ ಒಂದು ಪುಸ್ತಕ ತೆಗೆದೆ. ಅಂಚು ಕನ್ನಡಿಯ ಹಾಗೆ ನುಣ್ಣಗಿತ್ತು. ಬದಿಯಲ್ಲಿ "ಇಲ್ಲಿಗೆ" ಎಂಬುದಷ್ಟೇ ಉಳಿದಿತ್ತು. ಇನ್ನೊಂದರಲ್ಲಿ "ಹಾಲು". ಮತ್ತೊಂದರಲ್ಲಿ "ಕರೆದರು" ಮಾತ್ರ. ಯಾರು ಕರೆದರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂವತ್ತೊಂದನ್ನೂ ನೋಡಿದೆ. ಪೂರ್ತಿ ಉಳಿದ ವಾಕ್ಯ ಒಂದೂ ಇಲ್ಲ.

ಮರುದಿನ ಅಂಗಡಿ ತೆಗೆಯುವ ಮೊದಲೇ ಹುಸೇನ್ ಸಾಬರ ಬಾಗಿಲಲ್ಲಿ ನಿಂತಿದ್ದೆ. ಅವರು ಬಂದು ಕೆಲಸಕ್ಕೆ ಕೂತ ಕೂಡಲೇ ಕೇಳಿದೆ.

"ಕೊಯ್ದ ಚೂರು ಏನು ಮಾಡ್ತೀರಿ?"

"ಬಳೆ ಅಂಗಡಿಯೋರು ಒಯ್ತಾರ್ರಿ. ಬಳೆ ಒಡೀಬಾರ್ದಂತ ಪೆಟ್ಟಿಗೆಗೆ ತುಂಬ್ತಾರೆ. ಯಾಕ್ರಿ, ಏನಾತು?"

ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು. "ನಾನು ಹೇಳಿದ್ದೆ ಸಾಹೇಬ್ರೆ," ಎಂದರು. ಜೋರಾಗಿ ಅಲ್ಲ. ಮತ್ತೆ ತಾವೇ, "ಇನ್ನೊಂದ್ಸಲ ಹೇಳ್ಬೇಕಿತ್ತು," ಎಂದರು.

ಬಳೆ ಅಂಗಡಿಯವರೆಗೆ ಹೋದೆ. ಹೆಂಗಸರು ಕೈ ಚಾಚಿ ಕೂತಿದ್ದರು, ಬಳೆಗಾರ ತೊಡಿಸುತ್ತಿದ್ದ. ಅವನ ಪಕ್ಕದಲ್ಲಿ ತೆರೆದ ಪೆಟ್ಟಿಗೆ, ಅದರ ತುಂಬ ಬಿಳಿ ಕಾಗದದ ಎಳೆ.

"ಯಾರಿಗ್ರಿ ಬಳೆ?" ಎಂದ.

ಹೆಂಡತಿ ಸತ್ತವನಿಗೆ ಬಳೆ ಅಂಗಡಿಯಲ್ಲಿ ಏನು ಕೆಲಸ? ತಿರುಗಿ ಬಂದೆ.

ನಾವು ಸತ್ತವರ ವಸ್ತುಗಳನ್ನು ಯಾಕೆ ಇಷ್ಟು ಚೆಂದ ಮಾಡುತ್ತೇವೆ? ಇದ್ದಾಗ ಮಾಡದ್ದನ್ನು ಮಾಡಿ ತೀರಿಸಲಿಕ್ಕೆ ಇರಬೇಕು. ಅರಿಶಿನದ ಕಲೆ ನೆಂಟರಿಗೆ ಕಾಣಬಾರದು ಎಂದುಕೊಂಡೆ. ಆ ಕಲೆ ಅವಳ ಹೆಬ್ಬೆರಳಿನದು ಎಂದು ಹೊಳೆಯಲೇ ಇಲ್ಲ.

ಗೌರಮ್ಮ ತಂದ ಪುಸ್ತಕ ಬೀರುವಿನಲ್ಲಿ ನಿಲ್ಲುವುದಿಲ್ಲ. ಎರಡು ಬೆರಳು ಉದ್ದ. ಮೇಲೆ, ಫೋಟೋದ ಪಕ್ಕ ಮಲಗಿಸಿದ್ದೇನೆ. ಬಸಪ್ಪನವರು ಮೊನ್ನೆ, "ಅದೊಂದ್ ಯಾಕ್ರಿ ಹೊರಗೆ ಬಿಟ್ಟೀರಿ? ಅದನ್ನೂ ಕೊಯ್ಸಿಬಿಡ್ರಿ, ಸೆಟ್ ಪೂರ್ತಿ ಆಗ್ತೈತೆ," ಎಂದರು. ಅವರ ತಪ್ಪಲ್ಲ. ಹದಿನೈದು ದಿನದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ.

ಅದರಲ್ಲಿ ಅವಳ ಕೊನೆಯ ಬರಹ ನೂರಾ ಹನ್ನೆರಡನೆಯ ಪುಟದಲ್ಲಿದೆ. "ಇಲ್ಲಿಗೆ ನಿಲ್ಲಿಸಿದೆ. ಗೌರಿ ಕೇಳಿದಳು, ಕೊಡುತ್ತೇನೆ. ವಾಪಸು ಬಂದ ಮೇಲೆ ಮುಂದೆ."

ವಾಪಸು ಬಂದಿದೆ. ಹಾಗಾಗಿ ಹೋದ ಭಾನುವಾರ ಮಧ್ಯಾಹ್ನ ಚಾಳೀಸು ಹಾಕಿಕೊಂಡು, ನೂರಾ ಹದಿಮೂರನೆಯ ಪುಟದಿಂದ ನಾನೇ ಓದಲು ಕೂತೆ. ಕೈಯಲ್ಲಿ ಪೆನ್ಸಿಲ್ ಇಟ್ಟುಕೊಂಡಿದ್ದೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನೊಬ್ಬನೇ.

ಪೆನ್ಸಿಲ್ ಬೇಕಾಗಲಿಲ್ಲ. ಉಳಿದ ಅರವತ್ತು ಪುಟ ದೀಪ ಹಚ್ಚುವ ಹೊತ್ತಿಗೆ ಮುಗಿದವು. ಯಾರೂ ಕರೆಯಲಿಲ್ಲ.