ಎಣ್ಣೆ ಅಂಗಡಿಯಲ್ಲಿ ಒಣ ಮಾಲೀಸು

ನನ್ನ ಬಲಗೈ ಕೆಟ್ಟಿದ್ದು ನನ್ನ ಬಾಯಿಯಿಂದ. ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಶೇಂಗಾ ಎಣ್ಣೆಯ ಅಂಗಡಿ. ಅಪ್ಪ ಹಾಕಿದ ಗಾಣ, ಅಪ್ಪ ಹೋದ ಮೇಲೆ ಗಾದಿಯ ಮೇಲೆ ಕೂತವನು ನಾನು. ಒಂದು ಮಧ್ಯಾಹ್ನ ಹಮಾಲಿಯೊಬ್ಬ ಶೇಂಗಾ ಚೀಲವನ್ನು ಹೊರುವ ಮೊದಲು ನಿಂತು ಉಸಿರು ತೆಗೆದುಕೊಂಡ. ಅಷ್ಟಕ್ಕೇ ನನಗೆ ಪಿತ್ತ ನೆತ್ತಿಗೇರಿತು. "ಉಂಡಿದ್ದೆಲ್ಲಾ ಎಲ್ಲಿಗ್ ಹೋಗ್ತೈತೋ? ಸರಿ ಅತ್ಲಾಗ, ಹೆಂಗೆ ಎತ್ತೋದು ಅಂತ ತೋರಿಸ್ತೀನಿ" ಎಂದು ಕಚ್ಚೆ ಬಿಗಿದು ಚೀಲಕ್ಕೆ ಕೈ ಹಾಕಿದೆ. ಚೀಲ ಎದ್ದಿತು. ಭುಜದೊಳಗೆ ಏನೋ ಲಟಕ್ ಎಂದಿತು. ಚೀಲ ಮತ್ತೆ ಕೂತಿತು, ಪಕ್ಕದಲ್ಲಿ ನಾನೂ ಕೂತೆ. ಹಮಾಲಿ ಬಹಳ ವಿನಯದಿಂದ, "ಕಾಣ್ತ್ರಿ ಸಾವ್ಕಾರ್ರೆ" ಎಂದ.

ಆಗಿನ ಮಂಡಿಯಲ್ಲಿ ಬಲಗೈ ಇಲ್ಲದ ವ್ಯಾಪಾರಿ ಇದ್ದೂ ಇಲ್ಲದ ಹಾಗೆ. ದರವನ್ನು ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂತು ಬಲಗೈ ಕೂಡಿಸುವುದು, ಮೇಲೊಂದು ಟವೆಲ್ ಹಾಕುವುದು, ಅದರ ಕೆಳಗೆ ಬೆರಳು ಹಿಡಿದು ಅಮುಕಿ ದರ ಹೇಳುವುದು. ಸುತ್ತ ನಿಂತವರಿಗೆ ಟವೆಲ್ ಅಲುಗಾಡಿದ್ದು ಮಾತ್ರ ಕಾಣಬೇಕು. ಇವರಿಬ್ಬರೂ ಬಾಯಲ್ಲಿ ಮಳೆ, ಮಗಳ ಮದುವೆ ಅಂತ ಏನಾದರೂ ಮಾತಾಡುತ್ತಿರಬೇಕು. ಆಣೆ ಹೋಗಿ ಆಗಷ್ಟೇ ನಯಾಪೈಸೆ ಬಂದಿತ್ತು. ಬೆರಳುಗಳು ಮಾತ್ರ ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದವು.

ನನ್ನ ಕೈಯೋ, ಹೊಟ್ಟೆಯ ಮುಂದಿನಿಂದ ಆಚೆ ಚಾಚುತ್ತಿರಲಿಲ್ಲ. ಬೆರಳುಗಳಲ್ಲಿ ಸದಾ ಜುಮುಜುಮು. ಪಿ.ಜೆ. ಬಡಾವಣೆಯ ಡಾಕ್ಟರು ಕೈಗೆ ಜೋಳಿಗೆ ಕಟ್ಟಿ ವಿಶ್ರಾಂತಿ ಎಂದರು. ಜೋಳಿಗೆ ಬಿಚ್ಚಿದಾಗ ನೋವು ಕಡಿಮೆಯಾಗಿತ್ತು, ಆದರೆ ಕೈ ಅಲ್ಲೇ ಸೆಟೆದುಕೊಂಡಿತ್ತು. ಅಷ್ಟರಲ್ಲಿ ಶೇಂಗಾ ಸುಗ್ಗಿ ಶುರುವಾಯಿತು. ಮೊದಲು ಬಂದದ್ದು ಸಾರಥಿ ಎಂಬ ಹಳ್ಳಿಯ ಹಿರಿಯ ರೈತ, ಅಪ್ಪನ ಕಾಲದಿಂದ ನಮ್ಮ ಅಂಗಡಿಗೇ ಗಾಡಿ ಹೊಡೆದುಕೊಂಡು ಬರುತ್ತಿದ್ದವನು. ನಾನು ವಿಧಿಯಿಲ್ಲದೆ ಎಡಗೈ ಚಾಚಿದೆ. ಅವನು ಆ ಕೈಯನ್ನು ನೋಡಿದ, ನನ್ನ ಮುಖ ನೋಡಿದ.

"ನಿಮ್ಮಪ್ಪ ಒಂದ್ ದಿನಾನೂ ನನಗ ಎಡಗೈ ಕೊಟ್ಟಿದ್ದಿಲ್ಲ" ಎಂದವನೇ ಎತ್ತು ತಿರುಗಿಸಿ ಪಕ್ಕದ ಅಂಗಡಿಗೆ ಹೋದ.

ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಹೀಗೇ ಆದರೆ ಸುಗ್ಗಿ ಮುಗಿಯುವಷ್ಟರಲ್ಲಿ ಅಪ್ಪನ ರೈತರೆಲ್ಲ ಪಕ್ಕದವನ ಪಾಲು. ಗಾಣಕ್ಕೆ ಹಾಕಲು ಕಾಳಿರುವುದಿಲ್ಲ, ನಾನು ಆ ಗಾದಿಯ ಮೇಲೆ ಕೂತು ನೊಣ ಹೊಡೆಯಬೇಕು.

ಅವ್ವನಿಗೆ ಮಾತ್ರ ಚಿಂತೆಯೇ ಇರಲಿಲ್ಲ. ನಮ್ಮ ಗಾಣದ ಎಣ್ಣೆಗೆ ಬಗ್ಗದ ನೋವೇ ಭೂಮಿಯ ಮೇಲಿಲ್ಲ ಎಂಬುದು ಅವಳ ನಂಬಿಕೆ. ಎಣ್ಣೆ ಬಿಸಿ ಮಾಡಿ ಬೆಳಿಗ್ಗೆ ಸಂಜೆ ಭುಜಕ್ಕೆ ಸುರಿದಳು, ತಿಕ್ಕಿದಳು, ಮತ್ತೆ ಸುರಿದಳು. ಅಂಗಿ ಜಿಡ್ಡಾಯಿತು, ಹಾಸಿಗೆ ಜಿಡ್ಡಾಯಿತು, ಗಾದಿಯ ಲೋಡು ಜಿಡ್ಡಾಯಿತು. ಹೆಂಡತಿ ನನ್ನ ಹತ್ತಿರ ಬರಬೇಕಾದರೆ ಸೆರಗು ಎತ್ತಿ ಹಿಡಿದುಕೊಂಡು ಬರುತ್ತಿದ್ದಳು. ಕೈ ಇದ್ದಲ್ಲೇ ಇತ್ತು.

ಕೊನೆಗೆ ನಮ್ಮ ಗುಮಾಸ್ತ ಕಿವಿಯಲ್ಲಿ ಹೇಳಿದ: "ಹರಿಹರದಾಗೆ ಒಬ್ಬ ಹಳೇ ಪೈಲ್ವಾನ್ ಅದಾನೆ. ಒಣಾ ಕೈಲೆ ತಿಕ್ತಾನಂತೆ. ಒಂದ್ ಹನಿ ಎಣ್ಣೆ ಮುಟ್ಟಲ್ಲಂತೆ." ಎಣ್ಣೆ ಅಂಗಡಿಯವನು ಎಣ್ಣೆಯಿಲ್ಲದ ಮಾಲೀಸಿಗೆ ಹೋದ ಎಂದರೆ ಮಂಡಿಪೇಟೆ ಒಂದು ವರ್ಷ ನಗುತ್ತದೆ. ಅವ್ವನಿಗೆ ಗೊತ್ತಾದರಂತೂ ನನ್ನ ಕಥೆ ಮುಗಿದಂತೆ. ಹರಿಹರದಲ್ಲಿ ನೆಂಟರಿಗೆ ಹುಷಾರಿಲ್ಲ ಎಂದು ಹೇಳಿ ರೈಲು ಹತ್ತಿದೆ.

ಪೈಲ್ವಾನನ ಮನೆ ಹೊಳೆಯ ದಂಡೆಗಿತ್ತು. ಭಾರೀ ಆಳು, ಕಿವಿ ಮುದುಡಿಕೊಂಡಿದೆ, ತಲೆಯಲ್ಲಿ ಒಂದು ಕೂದಲಿಲ್ಲ. ನಾನು ಹೊಸಿಲು ದಾಟುವ ಮೊದಲೇ ಮೂಗು ಅರಳಿಸಿದ. "ಏನ್ರಿ, ಮಿರ್ಚಿ ಕರಿಯೋ ಬಾಣಲ್ಯಾಗಿಂದ ಎದ್ದು ಬಂದೀರೇನು? ನಡೀರಿ ಹೊಳಿಗೆ!" ಕಡ್ಲೆಹಿಟ್ಟು ಹಚ್ಚಿ ತಿಕ್ಕಿಸಿ, ಒರೆಸಿ, ಬಿಸಿಲಿಗೆ ಕೂರಿಸಿ ನನ್ನನ್ನು ಹಪ್ಪಳದಂತೆ ಒಣಗಿಸಿದ.

"ಎಣ್ಣಿ ಇದ್ರ ಕೈ ಜಾರ್ತೈತೆ ನೋಡ್ರಿ. ನನಗ ಜಾರೋದು ಬ್ಯಾಡ, ಹಿಡಿಯೋದು ಬೇಕು" ಎಂದ. ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಕಾವು ಬರಿಸಿ ನನ್ನ ಭುಜದ ಮೇಲಿಟ್ಟು ಸುಮ್ಮನೆ ಕೂತ. ಇಷ್ಟೇನಾ ಎಂದುಕೊಂಡೆ. ಆಮೇಲೆ ಶುರುವಾಯಿತು. ಚರ್ಮವನ್ನೂ ಮಾಂಸವನ್ನೂ ಸೇರಿಸಿ ಹಿಡಿಯುವುದು, ಎತ್ತುವುದು, ಬಿಡುವುದು. ಹೆಬ್ಬೆರಳಿನಿಂದ ಬೆನ್ನಿನ ಹಲಗೆಯ ಅಂಚು ಹಿಡಿದು ಹುಡುಕುತ್ತಾ ಹೋಗಿ ಒಂದು ಕಡೆ ನಿಂತ. ಅಲ್ಲೊಂದು ಗಂಟು ಇರುವುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಎಣ್ಣೆಯ ಕೈ ಅದರ ಮೇಲೆ ಜಾರಿ ಜಾರಿ ಹೋಗಿತ್ತು. ಈ ಕೈ ಅದರ ಮೇಲೇ ಕೂತಿತು. ನಾನು ಕೂಗಿದ ಕೂಗಿಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡಿದರು. ಆದರೆ ಸ್ವಲ್ಪ ಹೊತ್ತಿಗೆ ಆ ಗಂಟಿನಿಂದ ಬಿಸಿಯೊಂದು ಹೊರಟು ಮೊಣಕೈ ದಾಟಿ ಬೆರಳ ತುದಿಯವರೆಗೆ ಇಳಿಯಿತು. ಭುಜ ಕೆಂಪಾಗಿ ಉರಿಯುತ್ತಿತ್ತು. ಕೂತಲ್ಲೇ ನಿದ್ದೆ ಬಂತು.

ಮರುದಿನ ಮೈ ಕುಟ್ಟಿದ ಹಾಗೆ ನೋಯಿತು. ಅವನ ವಂಶವನ್ನೆಲ್ಲ ಬೈದೆ. ಅದರ ಮರುದಿನ ರೊಟ್ಟಿಯ ತುತ್ತು ಬಲಗೈಯಿಂದಲೇ ಬಾಯಿಗೆ ಬಂತು. ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡು ಮತ್ತೆ ರೈಲು ಹತ್ತಿದೆ. ಅವನು ಹೇಳುತ್ತಿದ್ದುದೆಲ್ಲ ನಿಜವಲ್ಲ ಬಿಡಿ. ಒಣ ಕೈಯಿಂದ ತಿಕ್ಕಿದರೆ ಬೋಳುತಲೆಯಲ್ಲೂ ಕೂದಲು ಬರುತ್ತದೆ ಎನ್ನುತ್ತಿದ್ದ. ನಾನು ಅವನ ತಲೆಯನ್ನು ನೋಡುತ್ತಾ ಹೂಂಗುಟ್ಟುತ್ತಿದ್ದೆ. ಪ್ರತಿ ಸಲ ಮುಗಿದ ಮೇಲೆ ಅವನಿಗೆ ಮಂಡಕ್ಕಿ, ಮಿರ್ಚಿ ಆಗಲೇಬೇಕು. "ಮೈಗೆ ಎಣ್ಣಿ ಬ್ಯಾಡ್ರಿ, ಹೊಟ್ಟಿಗೆ ಇರ್ಲಿ" ಎನ್ನುತ್ತಿದ್ದ.

ಸುಗ್ಗಿ ಜೋರಾದಾಗ ನನಗೆ ಗಾದಿ ಬಿಟ್ಟು ಏಳುವ ಹಾಗಿರಲಿಲ್ಲ. ಅವನನ್ನೇ ದಾವಣಗೆರೆಗೆ ಕರೆಸಿದೆ. ಊರಿಗೆ ಬರುತ್ತೇನೆಂದು ಬಿಳಿ ಜುಬ್ಬಾ, ಜರಿ ರುಮಾಲು ಹಾಕಿಕೊಂಡು ಬಂದುಬಿಟ್ಟ ಮಹಾರಾಯ. ಭುಜವನ್ನು ಹಿಂದಿನ ಕೋಣೆಯಲ್ಲಿ ಚೀಲಗಳ ಮರೆಗೆ ಮುಗಿಸಿದೆವು. ಉಳಿದದ್ದು ಮುಂಗೈ ಮತ್ತು ಬೆರಳು. ಗಾದಿಗೆ ಬಂದು ಕೂತೆ, ಅವನನ್ನು ಎದುರಿಗೆ ಕೂರಿಸಿಕೊಂಡೆ. ಮಹಡಿಯ ಕಿಟಕಿಯಲ್ಲಿ ಅವ್ವ ಇರುತ್ತಾಳೆ, ಎದುರಿಗೆ ಇಡೀ ಬಜಾರು. "ಬಾಯಿ ಬಿಟ್ರೆ ಮಿರ್ಚಿ ಇಲ್ಲ" ಎಂದು ಹೆದರಿಸಿ ಕೈಗಳ ಮೇಲೆ ಟವೆಲ್ ಎಳೆದುಕೊಂಡೆ.

ಅವನು ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಹಿಂಡಿದ. ನಾನು ಹಲ್ಲು ಕಚ್ಚಿದೆ, ಕಣ್ಣು ಮುಚ್ಚಿದೆ, ತಲೆ ಅಡ್ಡಡ್ಡ ಆಡಿಸಿದೆ, ಬೆವರಿದೆ. ಪಕ್ಕದ ಅಂಗಡಿಯವನು ಎರಡು ಸಲ ಇಣುಕಿ ಒಳಗೆ ಹೋದದ್ದು ಕಂಡಿತು. ಹಾಳಾಗಿ ಹೋಗಲಿ ಎಂದುಕೊಂಡೆ. ಪೈಲ್ವಾನ ಮುಗಿಸಿ ಮಿರ್ಚಿ ಅಂಗಡಿಯ ಕಡೆ ನಡೆದ.

ಸ್ವಲ್ಪ ಹೊತ್ತಿಗೆ ಬಜಾರಿನಲ್ಲಿ ಗದ್ದಲ ಎದ್ದಿತು. ಹೊರಗೆ ಹೋಗಿದ್ದ ಗುಮಾಸ್ತ ಓಡಿ ಬಂದ. "ಸಾವ್ಕಾರ್ರೆ, ಬೊಂಬಾಯಿ ಪಾರ್ಟಿ ಬಂದೈತಂತೆ! ಶೇಂಗಾ ಎಲ್ಲಾ ಎತ್ತಾಕ ಹತ್ಯಾರಂತೆ! ರೇಟು ಏರ್ತಾನೇ ಐತೆ!"

"ಯಾರ ಕೂಡ ಮಾತಾಡ್ಯಾನೋ?"

"ಅದು ಗೊತ್ತಿಲ್ರಿ. ಯಾವುದೋ ಅಂಗಡ್ಯಾಗೆ ಟವೆಲ್ ಕೆಳಗೆ ಕೈ ಇಟ್ಟು ಭಾಳ ಹೊತ್ತು ಕುಂತಿದ್ರಂತೆ. ಅಷ್ಟೊತ್ತು ಕುಂತಾರಂದ್ರೆ ಎಂಥಾ ದೊಡ್ಡ ಸೌದಾ ಇರಬೇಕು!"

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಟವೆಲ್ ಯಾರದೆಂದು ನನಗೆ ಹೊಳೆಯಲೇ ಇಲ್ಲ! ಯಾವ ಕಳ್ಳನನ್ಮಗ ಗುಟ್ಟಾಗಿ ಕೊಳ್ಳುತ್ತಿದ್ದಾನೋ, ನನಗೆ ಕಾಳೇ ಸಿಗುವುದಿಲ್ಲವಲ್ಲ ಎಂದು ಬೀದಿಗೆ ಹಾರಿದೆ. ಸಾರಥಿಯ ಹಿರಿಯನ ಗಾಡಿಗಳು ಪಕ್ಕದ ಅಂಗಡಿಗೆ ತಿರುಗುತ್ತಿದ್ದವು. ಓಡಿ ಹೋಗಿ ಮುಂದಿನ ಗಾಡಿಯ ನೊಗ ಹಿಡಿದೆ. ಕೈ ಮೇಲೆ ಟವೆಲ್ ಎಸೆದುಕೊಂಡು ಚಾಚಿದೆ. ಅವನು ಬೆರಳು ಹಿಡಿದ. ನಾನು ಒಪ್ಪಿದೆ. ದರ ಏರಿಸಿ ಇನ್ನೊಂದು ಹಿಡಿದ. ಅದಕ್ಕೂ ಒಪ್ಪಿದೆ. ಆಮೇಲೆ ಅವನು ಬೆರಳು ಹಿಡಿಯಲಿಲ್ಲ. ಇಡೀ ಅಂಗೈಯನ್ನೇ ಹಿಡಿದುಕೊಂಡ.

"ಬಲಗೈ ಅಲ್ಲೇನೋ ತಮ್ಮಾ ಇದು?" ಎಂದ.

ನಾನೂ ಆಗಲೇ ನೋಡಿದ್ದು. ಕೈ ಭುಜದಿಂದ ನೆಟ್ಟಗೆ ಅವನವರೆಗೂ ಚಾಚಿತ್ತು. ನಡುಬೀದಿಯಲ್ಲಿ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪೈಲ್ವಾನ ಮಿರ್ಚಿ ಪೊಟ್ಟಣ ಹಿಡಿದುಕೊಂಡು ಬಂದ. "ಏ, ಹಂಗೆ ಹಿಚುಕಬ್ಯಾಡೋ ಯಜಮಾನಾ! ಈಗಿನ್ನ ತಿಕ್ಕಿ ಹೋಗೀನಿ!"

"ಇವ್ರೇ! ಬೊಂಬಾಯಿ ಪಾರ್ಟಿ ಇವ್ರೇ!" ಎಂದು ಪಕ್ಕದ ಅಂಗಡಿಯವನು ಕೂಗಿದ.

"ಬೊಂಬಾಯಿ ಎಲ್ಲಿಂದ ಬಂತ್ರಿ? ನಾನು ಹರಿಹರದವ. ಸಾವ್ಕಾರ್ರಿಗೆ ಒಣ ಮಾಲೀಸು ಮಾಡಾಕ ಬಂದೀನಿ" ಎಂದ, ಇಡೀ ಮಂಡಿಪೇಟೆಗೆ ಕೇಳುವ ಹಾಗೆ.

ಮೊದಲು ನಕ್ಕವನು ನಮ್ಮ ಹಮಾಲಿ. ಆಮೇಲೆ ನಗದವರೇ ಇರಲಿಲ್ಲ. ದರ ಏರಿದ್ದಕ್ಕಿಂತ ಬೇಗ ಇಳಿಯಿತು. ಹಿರಿಯ ನನ್ನನ್ನು ಪಕ್ಕಕ್ಕೆ ಕರೆದು, "ಬ್ಯಾಡಾದ್ರ ಬಿಡು, ಬೆಳಗಿನ ರೇಟಿಗೇ ಕೊಡ್ತೀನಿ" ಎಂದ. ನಾನು ಒಪ್ಪಲಿಲ್ಲ. ವಾಸಿಯಾದ ಕೈ ಕೊಟ್ಟ ಮೊದಲ ಮಾತನ್ನೇ ಹಿಂದಕ್ಕೆ ತೆಗೆದುಕೊಂಡರೆ ಆ ಕೈ ಇದ್ದರೆಷ್ಟು, ಬಿಟ್ಟರೆಷ್ಟು? ಗಾಡಿಗಳು ನಮ್ಮ ಅಂಗಡಿಗೆ ತಿರುಗಿದವು. ಹಿರಿಯ ಬದುಕಿದ್ದಷ್ಟು ದಿನ ಬೇರೆ ಕಡೆ ಹೋಗಲಿಲ್ಲ.

ಸಂಜೆ ಮಹಡಿ ಹತ್ತಿದೆ. ಅವ್ವ ಕಿಟಕಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಎಣ್ಣೆ ಬಟ್ಟಲು ಒಲೆಯ ಪಕ್ಕ ಇರಲಿಲ್ಲ. ಸಿಟ್ಟಿನಿಂದ ಅದನ್ನು ಬಾಗಿಲ ಮೇಲಿನ ಎತ್ತರದ ಹಲಗೆಗೆ ಏರಿಸಿಬಿಟ್ಟಿದ್ದಳು.

"ಅವ್ವಾ..." ಎಂದೆ.

"ಮಾತಾಡಬ್ಯಾಡ. ಕೈ ಏನೋ ನೆಟ್ಟಗಾತು. ಆ ರೇಟಿಗೆ ಶೇಂಗಾ ತಗಂಡೀಯಂದ್ರ ಈಗ ಕೆಟ್ಟಿರೋದು ತಲಿ. ಬಟ್ಲು ತಗಿ."

ಬಲಗೈ ಎತ್ತಿ ಹಲಗೆಯಿಂದ ಬಟ್ಟಲು ಇಳಿಸಿ ಅವಳ ಮುಂದೆ ಹಿಡಿದೆ. ಅವಳು ಬಟ್ಟಲನ್ನು ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲೇ ಇಡು" ಎಂದಳು. "ಇನ್ನೊಂದ್ ಸಲ ತಗಿ, ನೋಡಾನ."

ಇಟ್ಟೆ. ಮತ್ತೆ ತೆಗೆದೆ. ಆಮೇಲೆ ನನ್ನನ್ನು ಕೂರಿಸಿ ನೆತ್ತಿಯ ಮೇಲೆ ಬಟ್ಟಲು ಪೂರ್ತಿ ಸುರಿದಳು.