ಕೊನೆಯ ಚಿಪ್ ಸುಟ್ಟ ದಿನ

ಚಿಕ್ಕಬಳ್ಳಾಪುರದ ಹೊರಗೆ, ಒಂದು ಶೆಡ್ಡಿನ ಹಿಂಭಾಗದಲ್ಲಿ ನಮ್ಮ ಲೇಸರ್ ಕೋಣೆ ಇತ್ತು. ಶುರುವಿನಲ್ಲಿ ನಾಲ್ಕು ಜನ ಇದ್ದೆವು. ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು, ಕಡೆಕಡೆಗೆ ನಾನೊಬ್ಬಳೇ. ಬೆಳಿಗ್ಗೆ ಬೀಗ ತೆಗೆದರೆ ಸಂಜೆ ಬೀಗ ಹಾಕುವವರೆಗೆ ಮಾತಾಡುವ ಪ್ರಸಂಗವೇ ಬರುತ್ತಿರಲಿಲ್ಲ.

ಕೆಲಸ ಇದು: ಕೂದಲಿಗಿಂತ ತೆಳುವಾದ ಅರೆವಾಹಕದ ಚಿಪ್ ಅನ್ನು ವಜ್ರದ ಸಣ್ಣ ಬಿಲ್ಲೆಗೆ ಅಂಟಿಸುವುದು. ಅದರ ಮೇಲೆ ಒಂದು ಲೇಸರಿನ ಬೆಳಕು ಸುರಿದರೆ, ಅದು ಕಣ್ಣಿಗೆ ಕಾಣದ ತನ್ನದೇ ಬೆಳಕನ್ನು ಹೊರಗೆ ಕೊಡುತ್ತದೆ. ಜೊತೆಗೆ ಬಿಸಿಯೂ ಹುಟ್ಟುತ್ತದೆ. ಆ ಬಿಸಿಯನ್ನು ವಜ್ರ ಎಳೆದುಕೊಳ್ಳಬೇಕು. ಕಂಪನಿಯ ಯಜಮಾನರು ಕೇಳಿದಷ್ಟು ಶಕ್ತಿ ಒಂದು ಸಲ ಬಂದಿದ್ದರೆ ಕೆಲಸ ಮುಂದುವರಿಯುತ್ತಿತ್ತು. ಉಳಿದಿದ್ದದ್ದು ಒಂದೇ ಚಿಪ್.

ನಾನು ಕಂಡದ್ದು ಇಷ್ಟು. ಸುರಿಯುವ ಬೆಳಕನ್ನು ಹೆಚ್ಚಿಸುತ್ತ ಹೋದೆ, ಹೊರಬರುವ ಬೆಳಕನ್ನು ಅಳೆಯುವ ಮೀಟರಿನ ಅಂಕಿ ಏರಿತು. ಬೇಕಾದ ಅಂಕಿಗೆ ಹತ್ತಿರ ಬಂದು ನಿಂತಿತು. ನಿಂತರೆ ಬಿಸಿ ಹೆಚ್ಚಾಗಿದೆ ಎಂದರ್ಥ, ಕೂಡಲೇ ಇಳಿಸಬೇಕು. ಇಳಿಸಿದೆ. ಇಳಿಸಿದರೆ ಅದು ಚೇತರಿಸಿಕೊಳ್ಳುವುದು ವಾಡಿಕೆ. ಈ ಸಲ ಅಂಕಿ ಸೊನ್ನೆಗೆ ಬಂತು, ಮತ್ತೆ ಏಳಲಿಲ್ಲ. ಸದ್ದಾಗಲಿಲ್ಲ, ವಾಸನೆ ಬರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಡುವೆ ಒಂದು ಕಪ್ಪು ಚುಕ್ಕೆ. ಚಿಪ್‌ಗೂ ವಜ್ರಕ್ಕೂ ಮಧ್ಯೆ ಧೂಳಿನ ಕಣ ಕೂತಿತ್ತೋ, ಅಂಟು ಎಲ್ಲೋ ಬಿಟ್ಟಿತ್ತೋ, ಗೊತ್ತಿಲ್ಲ. ನೋಡಿ ತಿಳಿಯಬೇಕಾದ ಜಾಗವೇ ಸುಟ್ಟಿತ್ತು.

ಯಾರಿಗಾದರೂ ಹೇಳಬೇಕಿತ್ತು. ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ದಿಬ್ಬೂರಹಳ್ಳಿಗೆ, ಅಕ್ಕನ ಮನೆಗೆ ಹೋದೆ. ಆ ಮನೆಯ ಅರ್ಧ ಭಾಗ ರೇಷ್ಮೆಹುಳುಗಳದು.

"ಅಲ್ಲೇ ನಿಲ್ಲೇ!" ಜಾಲರಿ ಬಾಗಿಲ ಹಿಂದಿನಿಂದ ಅಕ್ಕ ಕೂಗಿದಳು. "ಹುಳ ನಾಲ್ಕನೇ ಜ್ವರ ಎದ್ದವೆ. ನಿನ್ನ ಮೈಮೇಲಿನ ಆ ಔಷಧಿ ವಾಸ್ನೆ ಬಡಿದ್ರೆ ಒಂದೂ ಗೂಡು ಕಟ್ಟಲ್ಲ."

ಜ್ವರ ಎಂದರೆ ಹುಳು ಪೊರೆ ಕಳಚುವುದು; ನಾಲ್ಕನೆಯದು ಮುಗಿದರೆ ಗೂಡು ಕಟ್ಟುವ ಕಾಲ ಹತ್ತಿರ. ಚಿಪ್ ತೊಳೆಯುವ ಅಸಿಟೋನ್ ವಾಸನೆ ನನ್ನ ಬಟ್ಟೆಗೆ, ಕೂದಲಿಗೆ ಹತ್ತಿತ್ತು. ಅಂಗಳದ ಆಚೆ ತುದಿಯಲ್ಲಿ, ಹುಳುಗಳು ಸೊಪ್ಪು ತಿಂದು ಬಿಟ್ಟ ಕಡ್ಡಿಗಳ ರಾಶಿಯ ಪಕ್ಕ ಕೂತೆ.

"ಚಿಪ್ ಸುಟ್ಟೋಯ್ತು ಅಕ್ಕ."

"ಬೇರೇದು ಹಾಕ್ಕೋ."

"ಅದೇ ಕಡೇದು."

"ನಿಮ್ಮ ಯಜಮಾನ್ರಿಗೆ ಹೇಳಿದ್ಯಾ?"

"ಇಲ್ಲ."

"ಲೇ, ಅವರನ್ನ ಬಿಟ್ಟು ಎರಡು ಬಸ್ ಹತ್ಕೊಂಡು ನನಗೆ ಹೇಳಕ್ ಬಂದಿದೀಯಾ? ಸಂಬಳ ಏನು ನಾನ್ ಕೊಡ್ತೀನಾ? ಮೊದ್ಲು ಫೋನ್ ಮಾಡಮ್ಮ. ನಾನು ಸೊಪ್ಪು ಹಾಕ್ಬೇಕು."

ಮಾಡಿದೆ. ನಡೆದದ್ದನ್ನು ನಡೆದ ಹಾಗೆಯೇ ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ. "ಕೋಣೇಲಿ ಎ.ಸಿ. ಓಡ್ತಾ ಇದ್ಯಾ ಮೇಡಂ?" ಎಂದರು.

ಆ ಎ.ಸಿ.ಯನ್ನು ನಾವು ಯಾವತ್ತೂ ನಿಲ್ಲಿಸಿದ್ದಿಲ್ಲ. ನಿಂತರೆ ಧೂಳು ಕೂರುತ್ತದೆ, ಧೂಳು ಕೂತ ಕೋಣೆಯಲ್ಲಿ ಚಿಪ್ ಅಂಟಿಸಲಾಗದು.

"ಓಡ್ತಿದೆ ಸರ್."

"ನಾಳೆ ಹೋದಾಗ ಆಫ್ ಮಾಡ್ಬಿಡಿ."

"ಏನಂದ್ರು ಕಣೇ?" ಒಳಗಿನಿಂದ ಅಕ್ಕ ಕೇಳಿದಳು. ಕೆಲಸ ನಿಂತಿತು ಎಂದು ಕೂತಲ್ಲಿಂದಲೇ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಎದ್ದು ನಿಂತು, ಬೀದಿಗೆಲ್ಲ ಕೇಳುವ ಹಾಗೆ ಇನ್ನೊಂದು ಸಲ ಹೇಳಬೇಕಾಯಿತು.